ಒಕಿನಾವಾ: ಸೇನೆ ದಕ್ಷಿಣಕ್ಕೆ ಹೊರಟಾಗ

ಜೂನ್ 6 ಬಂತೆಂದರೆ ಫೇಸ್‌ಬುಕ್ ತುಂಬ ನಾರ್ಮಂಡಿ, 1944ರಲ್ಲಿ ಮಿತ್ರಪಡೆಗಳು ಇಳಿದ ಫ್ರಾನ್ಸಿನ ಕಡಲತೀರ. ಎದೆಮಟ್ಟದ ನೀರಲ್ಲಿ ಬಂದೂಕು ಎತ್ತಿ ಹಿಡಿದು ದಡದ ಕಡೆ ನಡೆಯುವ ಹುಡುಗರ ಅದೇ ಕಪ್ಪುಬಿಳುಪು ಫೋಟೊ, ಕೆಳಗೆ ಕೈಮುಗಿದ ಇಮೋಜಿ. ಹಾಕಬೇಡಿ ಅನ್ನುತ್ತಿಲ್ಲ. ಆದರೆ ಅದೇ ತಿಂಗಳ 23ಕ್ಕೆ ಯಾರ ಗೋಡೆಯ ಮೇಲೂ ಏನೂ ಕಾಣುವುದಿಲ್ಲ. ಅವತ್ತು ಜಪಾನಿನ ದಕ್ಷಿಣ ತುದಿಯ ಒಕಿನಾವಾದಲ್ಲಿ ರಜೆ. ಶಾಲೆ, ಕಚೇರಿ ಮುಚ್ಚಿ ಜನ ಸತ್ತವರನ್ನು ನೆನೆಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ನಾಲ್ವರಲ್ಲಿ ಒಬ್ಬರು ಸತ್ತ ಊರದು. ಪೆಸಿಫಿಕ್ ಯುದ್ಧದ ಅತಿ ದೊಡ್ಡ ಸಮುದ್ರದಾಳಿ ನಡೆದದ್ದೂ ಅಲ್ಲೇ.

ನಮ್ಮಲ್ಲಿ ಒಕಿನಾವಾ ಮಾತು ಬರುವುದು ಒಂದೇ ಸಂದರ್ಭದಲ್ಲಿ. ಆಗಸ್ಟಿನಲ್ಲಿ ಹಿರೋಶಿಮಾ ಬಗ್ಗೆ ಯಾರಾದರೂ ಬರೆದರೆ, ಕೆಳಗೆ ಒಬ್ಬರು ಬಂದು "ಒಕಿನಾವಾದಲ್ಲಿ ಎಷ್ಟು ಜನ ಸತ್ತರು ಗೊತ್ತಾ? ಬಾಂಬ್ ಹಾಕದಿದ್ದರೆ ಇನ್ನೂ ಹತ್ತು ಒಕಿನಾವಾ ಆಗುತ್ತಿತ್ತು" ಅಂತ ಬರೆದು ಹೋಗುತ್ತಾರೆ. ಅಲ್ಲಿಗೆ ಒಕಿನಾವಾದ ಕೆಲಸ ಮುಗಿಯಿತು. ನನಗೆ ಹೇಳಬೇಕಿರುವುದು ಬೇರೆ. ಅಲ್ಲಿ ಅಷ್ಟು ಜನ ಸತ್ತದ್ದು ಕಡಲ ಕಡೆಯಿಂದ ಬಂದ ಅಮೆರಿಕನ್ ಸೇನೆಯಿಂದ ಮಾತ್ರ ಅಲ್ಲ. ಕಾಪಾಡುತ್ತೇನೆ ಅಂತ ಬಂದು ಕೂತಿದ್ದ ಸ್ವಂತ ದೇಶದ ಸೇನೆ ತೆಗೆದುಕೊಂಡ ತೀರ್ಮಾನಗಳೂ ಅವರನ್ನು ಕೊಂದವು. ಅದರಲ್ಲೂ ಮುಖ್ಯವಾಗಿ ಒಂದು ತೀರ್ಮಾನ.

ದಾಳಿ ಶುರುವಾದದ್ದು 1945ರ ಏಪ್ರಿಲ್ 1ರಂದು. ಅವತ್ತು ಈಸ್ಟರ್ ಭಾನುವಾರ. ಪಶ್ಚಿಮ ಕರಾವಳಿಯ ಹಗುಶಿ ಎದುರಿಗೆ ಕಣ್ಣು ಹಾಯಿಸಿದಷ್ಟು ದೂರ ಹಡಗು. ಇಡೀ ಕಾರ್ಯಾಚರಣೆಗೆ ಸೇರಿದ್ದವು ಸುಮಾರು 1,300. ಮೊದಲ ದಿನವೇ ಸುಮಾರು 60 ಸಾವಿರ ಅಮೆರಿಕನ್ ಸೈನಿಕರು ದಡ ಹತ್ತಿದರು. ಹತ್ತುವಾಗ ಎದುರಿಂದ ಗುಂಡೇ ಇಲ್ಲ! ಆಗಷ್ಟೇ ಕಾದಾಡಿ ಗೆದ್ದಿದ್ದ ಇವೋಜಿಮಾ ದ್ವೀಪದ ರಕ್ತ ಇನ್ನೂ ಆರಿರಲಿಲ್ಲ, ಇಲ್ಲೂ ಹಾಗೇ ಅಂದುಕೊಂಡು ಬಂದವರಿಗೆ ನಂಬಲಾಗಲಿಲ್ಲ. ಅವತ್ತೇ ಎರಡು ವಿಮಾನ ನಿಲ್ದಾಣ ಕೈಸೇರಿತು. ಏಪ್ರಿಲ್ ಫೂಲ್ ಅಂತ ಅವರವರೇ ತಮಾಷೆ ಮಾಡಿಕೊಂಡರಂತೆ.

ತಮಾಷೆ ನಿಜವೇ ಆಗಿತ್ತು. ಜಪಾನಿನ 32ನೇ ಸೇನೆಯ ಮುಖ್ಯಸ್ಥ ಮಿತ್ಸುರು ಉಶಿಜಿಮಾ ಕಡಲತೀರದಲ್ಲಿ ಕಾದಾಡುವ ಯೋಚನೆಯನ್ನೇ ಬಿಟ್ಟಿದ್ದ. ಅವನಿಗೆ ಯೋಜನೆ ಹೆಣೆದುಕೊಟ್ಟವನು ಕರ್ನಲ್ ಹಿರೊಮಿಚಿ ಯಹರಾ. ದ್ವೀಪದ ದಕ್ಷಿಣ ಭಾಗದಲ್ಲಿ, ಹಳೆಯ ರ್‍ಯೂಕ್ಯೂ ರಾಜರ ಶುರಿ ಕೋಟೆಯ ಅಡಿಯಲ್ಲಿ, ಸುರಂಗ ಕೊರೆದು ಕೂರುವುದು. ಸುತ್ತಲಿನ ಒಂದೊಂದು ದಿಬ್ಬವನ್ನೂ ಒಳಗಿಂದ ಟೊಳ್ಳು ಮಾಡಿ ಫಿರಂಗಿ ಇಡುವುದು. ಶತ್ರು ಬರಲಿ, ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಎಳೆಯುವುದು. ಗೆಲ್ಲುವ ಮಾತೇ ಇಲ್ಲ. ಟೋಕಿಯೊಗೆ ಬೇಕಿದ್ದದ್ದು ಸಮಯ. ಗೋ ಎಂಬ ಜಪಾನಿನ ಕಲ್ಲಿನ ಆಟದಲ್ಲಿ ದೊಡ್ಡ ಲಾಭಕ್ಕಾಗಿ ಬೇಕಂತಲೇ ಬಿಟ್ಟುಕೊಡುವ ಕಲ್ಲು ಇರುತ್ತಲ್ಲ, ನಾವು ಅದಾಗಿದ್ದೆವು ಅಂತ ಒಕಿನಾವಾದವರು ಇವತ್ತಿಗೂ ಹೇಳುತ್ತಾರೆ. ಅದೇ ವರ್ಷದ ಫೆಬ್ರವರಿಯಲ್ಲಿ ಮಾಜಿ ಪ್ರಧಾನಿ ಕೊನೊಯೆ ಚಕ್ರವರ್ತಿಯ ಬಳಿ ಹೋಗಿ ಸೋಲು ಖಚಿತ, ಯುದ್ಧ ನಿಲ್ಲಿಸೋಣ ಅಂದಿದ್ದ. ಇನ್ನೊಂದು ಗೆಲುವು ಸಿಗಲಿ, ಆಮೇಲೆ ನೋಡೋಣ ಎಂಬರ್ಥದ ಉತ್ತರ ಬಂತು.

ಸೇನೆಗೆ ಜನ ಸಾಲದಾಗಿತ್ತು. ಇದ್ದ ಒಳ್ಳೆಯ ಪಡೆಗಳಲ್ಲಿ ಒಂದಾದ 9ನೇ ಡಿವಿಷನ್ ಅನ್ನು 1944ರ ಕೊನೆಯಲ್ಲಿ ತೈವಾನಿಗೆ ಎಳೆದುಕೊಂಡಿದ್ದರು. ಆ ಜಾಗ ತುಂಬಲು ಊರಿನ ಗಂಡಸರನ್ನು, ಹದಿನಾಲ್ಕು ಹದಿನೈದರ ಶಾಲಾ ಹುಡುಗರನ್ನು ಸೇರಿಸಿಕೊಂಡರು. ಮಕ್ಕಳನ್ನು ಬೇರೆಡೆಗೆ ಸಾಗಿಸುವ ಪ್ರಯತ್ನವೂ ನಡೆದಿತ್ತು. 1944ರ ಆಗಸ್ಟ್ 22ರ ರಾತ್ರಿ ಅಂಥ ಒಂದು ಹಡಗು, ತ್ಸುಶಿಮಾ ಮಾರು, ಅಮೆರಿಕನ್ ಸಬ್‌ಮರೀನಿನ ಟಾರ್ಪಿಡೊಗೆ ಸಿಕ್ಕಿ ಮುಳುಗಿತು. ಸತ್ತವರು ಸುಮಾರು 1,500, ಅವರಲ್ಲಿ 700ಕ್ಕೂ ಹೆಚ್ಚು ಶಾಲಾ ಮಕ್ಕಳು. ಬದುಕಿ ಬಂದವರಿಗೆ ಈ ಸುದ್ದಿ ಬಾಯಿ ಬಿಡಕೂಡದು ಅಂತ ತಾಕೀತಾಯಿತು. ಮಕ್ಕಳನ್ನು ಹಡಗು ಹತ್ತಿಸಿ ಕಾಗದಕ್ಕೆ ಕಾಯುತ್ತಿದ್ದ ತಾಯಂದಿರ ಊರಲ್ಲಿ!

ಇನ್ನು ಗುಹೆಗಳ ವಿಷಯ. ಒಕಿನಾವಾದ ನೆಲ ಸುಣ್ಣಕಲ್ಲಿನದು. ಎಲ್ಲಿ ನೋಡಿದರೂ ನೈಸರ್ಗಿಕ ಗುಹೆ, ಅವರ ಭಾಷೆಯಲ್ಲಿ ಗಾಮಾ. ಬಾಂಬ್ ಬೀಳಲು ಶುರುವಾದಾಗ ಜನ ಅಲ್ಲಿಗೇ ಹೋದರು. ಅಮೆರಿಕನ್ನರು ಇಳಿದ ಜಾಗಕ್ಕೆ ಹತ್ತಿರದಲ್ಲೇ ಯೊಮಿತಾನ್ ಎಂಬ ಊರಲ್ಲಿ ಇಂಥ ಎರಡು ಗುಹೆಗಳಿವೆ, ಒಂದಕ್ಕೊಂದು ನಡೆದು ಹೋಗುವಷ್ಟೇ ದೂರ. ಚಿಬಿಚಿರಿ ಗಾಮಾದಲ್ಲಿ ಸುಮಾರು 140 ಜನ ಅಡಗಿದ್ದರು. ಅಮೆರಿಕನ್ನರು ಬಾಗಿಲಿಗೆ ಬಂದು, ಹೊರಗೆ ಬನ್ನಿ, ಕೊಲ್ಲುವುದಿಲ್ಲ ಅಂದರು. ಯಾರೂ ನಂಬಲಿಲ್ಲ. ಒಳಗಿದ್ದವರಲ್ಲಿ ಚೀನಾದಲ್ಲಿ ಜಪಾನಿ ಸೇನೆಯ ಜೊತೆ ಇದ್ದು ಬಂದವರಿದ್ದರು. ಸಿಕ್ಕಿದ ಊರಿನ ಗಂಡಸರನ್ನು, ಹೆಂಗಸರನ್ನು ಗೆದ್ದ ಸೈನಿಕರು ಏನು ಮಾಡುತ್ತಾರೆ ಅಂತ ಅವರು ಕಂಡಿದ್ದರು. ಇವರೂ ಅದನ್ನೇ ಮಾಡುತ್ತಾರೆ ಎಂದರು. ಏಪ್ರಿಲ್ 2ರಂದು ಹಾಸಿಗೆಗಳಿಗೆ ಬೆಂಕಿ ಇಟ್ಟರು. ತಾಯಂದಿರು ಮಕ್ಕಳನ್ನು ತಾವೇ ಕೊಂದರು. ಸತ್ತವರು 80ಕ್ಕೂ ಹೆಚ್ಚು, ಹೆಚ್ಚಿನವರು ಮಕ್ಕಳು.

ಶಿಮುಕು ಗಾಮಾದಲ್ಲಿ ಸುಮಾರು ಸಾವಿರ ಜನ. ಅಲ್ಲೂ ಬಿದಿರಿನ ಈಟಿ ಹಿಡಿದು ನುಗ್ಗೋಣ ಅನ್ನುವವರಿದ್ದರು. ಆದರೆ ಹಿಂದೊಮ್ಮೆ ಹವಾಯಿಯಲ್ಲಿ ದುಡಿದು ಬಂದಿದ್ದ ಇಬ್ಬರು ಅಲ್ಲಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಅಮೆರಿಕನ್ನರು ಕೊಂಬಿರುವ ರಾಕ್ಷಸರಲ್ಲ ಎಂಬುದೂ ಗೊತ್ತಿತ್ತು. ಈಟಿ ಹಿಡಿದವರನ್ನು ತಡೆದು, ತಾವೇ ಹೊರಗೆ ಹೋಗಿ ಮಾತಾಡಿದರು. ಅಷ್ಟೂ ಜನ ಬದುಕಿದರು.

ಎರಡೂ ಗುಹೆಗಳಲ್ಲಿ ಸೈನಿಕರಿರಲಿಲ್ಲ. ಚಿಬಿಚಿರಿಯಲ್ಲಿ ಆ ಕೆಲಸಕ್ಕೆ ಸೈನಿಕ ಬೇಕಾಗಲೂ ಇಲ್ಲ. ಸೆರೆಸಿಕ್ಕುವುದಕ್ಕಿಂತ ಸಾಯುವುದು ಮೇಲು ಅಂತ ವರ್ಷಗಟ್ಟಲೆ ಶಾಲೆಯಲ್ಲಿ, ಸಭೆಯಲ್ಲಿ ತುಂಬಿದ್ದು ಸಾಕಾಯಿತು. ಪಕ್ಕದ ಕೆರಾಮಾ ದ್ವೀಪಗಳಲ್ಲಿ ಸೇನೆ ಎದುರಿಗೇ ಇತ್ತು. ಅವುಗಳಲ್ಲೊಂದಾದ ತೊಕಾಶಿಕಿಯಲ್ಲಿ ಊರವರ ಕೈಗೆ ಗ್ರೆನೇಡ್ ಬಂದಿತ್ತು. ಮಾರ್ಚ್ 28ರಂದು 300ಕ್ಕೂ ಹೆಚ್ಚು ಜನ ತಮ್ಮವರ ಕೈಯಿಂದಲೇ ಸತ್ತರು. ಗ್ರೆನೇಡ್ ಸಿಡಿಯದೆ ಹೋದಲ್ಲಿ ದೊಣ್ಣೆ, ಕುಡುಗೋಲು, ಹಗ್ಗ. ಅದೇ ಗುಂಪಿನ ಮಯೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಶಾಲೆಯ ಮೇಷ್ಟ್ರೊಬ್ಬರು ಮೊದಲೇ ಸೇನೆಯನ್ನು ಒಪ್ಪಿಸಿ, ಇಲ್ಲಿ ಪಡೆ ಇಡಬೇಡಿ ಅಂತ ತಡೆದಿದ್ದರು. ಅಲ್ಲಿ ಇಂಥದ್ದೇನೂ ನಡೆಯಲಿಲ್ಲ.

ಸೈನಿಕರ ಪಾಡನ್ನು ಬಿಟ್ಟುಬಿಡುತ್ತೇನೆ ಅಂದುಕೊಳ್ಳಬೇಡಿ. ಶುಗರ್ ಲೋಫ್ ಅಂತ ಅಮೆರಿಕನ್ನರು ಹೆಸರಿಟ್ಟ ಒಂದು ದಿಬ್ಬ ಇದೆ, ಗುಡ್ಡ ಅನ್ನಲೂ ಆಗದಷ್ಟು ಚಿಕ್ಕದು. ಮೇ ಮಧ್ಯದಲ್ಲಿ ಒಂದು ವಾರ ಅದನ್ನು ಹತ್ತಿ, ಇಳಿದು, ಮತ್ತೆ ಹತ್ತಿ, 6ನೇ ಮರೀನ್ ಡಿವಿಷನ್ 2,600ಕ್ಕೂ ಹೆಚ್ಚು ಜನರನ್ನು ಸಾವುನೋವಿಗೆ ಕೊಟ್ಟಿತು. ಇವರ ಲೆಕ್ಕಕ್ಕೆ ಸೇರದೆ ಮತ್ತೆ ಸಾವಿರಕ್ಕೂ ಮೀರಿ ಹುಡುಗರು ಮನಸ್ಸು ಕುಸಿದು ಹಿಂದೆ ಹೋದರು. ಆಮೇಲೆ ಮಳೆ ಹಿಡಿಯಿತು. ಹೆಣ ಎತ್ತಲಾಗದಷ್ಟು ಕೆಸರು. ಕಡಲಿನ ಮೇಲೆ ಹತ್ತು ದೊಡ್ಡ ಸರದಿಗಳಲ್ಲಿ ಕಾಮಿಕಾಜಿ, ಅಂದರೆ ಹಡಗಿಗೇ ಅಪ್ಪಳಿಸಿ ಸಾಯುವ ಜಪಾನಿ ವಿಮಾನಗಳು ಬಂದವು. ಒಳಗಿದ್ದವರು ಇಪ್ಪತ್ತರ ಆಸುಪಾಸಿನ ಹುಡುಗರು. ಅಮೆರಿಕನ್ನರ ಕಡೆಯ 36 ಹಡಗು ಮುಳುಗಿದವು, ನೌಕಾಪಡೆಯಲ್ಲೇ ಸುಮಾರು 4,900 ಜನ ಸತ್ತರು. ಏಪ್ರಿಲ್ 7ರಂದು ಜಪಾನಿನ ಯಮಾತೊ ಯುದ್ಧನೌಕೆ ಸುಮಾರು ಮೂರು ಸಾವಿರ ಜನರ ಸಮೇತ ಮುಳುಗಿತು. ಅಮೆರಿಕದ ಒಟ್ಟು ಸಾವು 12 ಸಾವಿರ ದಾಟಿತು.

ಮಯೆದಾ ಬಂಡೆಯ ಕದನ ನಿಮ್ಮಲ್ಲಿ ಹಲವರಿಗೆ ಗೊತ್ತು. ಬಂದೂಕು ಮುಟ್ಟದ ವೈದ್ಯಕೀಯ ಸೈನಿಕ ಡೆಸ್ಮಂಡ್ ಡಾಸ್ ಆ ಕಡಿದಾದ ಬಂಡೆಯಿಂದ ಹಗ್ಗ ಕಟ್ಟಿ ಸುಮಾರು 75 ಗಾಯಾಳುಗಳನ್ನು ಇಳಿಸಿದ್ದನ್ನು 'ಹ್ಯಾಕ್ಸಾ ರಿಡ್ಜ್' ಸಿನಿಮಾದಲ್ಲಿ ನೋಡಿ ನಾವೆಲ್ಲ ಕಣ್ಣೊರೆಸಿಕೊಂಡವರೇ. ಆ ಬಂಡೆಯ ಕೆಳಗೆ ಮಯೆದಾ ಅಂತಲೇ ಒಂದು ಹಳ್ಳಿ ಇತ್ತು. ಅದರ ಅರ್ಧಕ್ಕೂ ಹೆಚ್ಚು ಜನ ಯುದ್ಧದಲ್ಲಿ ಸತ್ತರು. ಸಿನಿಮಾದಲ್ಲಿ ಹಳ್ಳಿಗೆ ಜಾಗ ಸಿಗಲಿಲ್ಲ.

ಈಗ ಆ ತೀರ್ಮಾನಕ್ಕೆ ಬರುತ್ತೇನೆ. ಮೇ 22. ಶುರಿ ಕೋಟೆಯ ಕೆಳಗಿನ ಸುರಂಗದಲ್ಲಿ ಸಭೆ. ಅಷ್ಟು ಹೊತ್ತಿಗೆ 32ನೇ ಸೇನೆಯ ಬಹುಭಾಗ ಮುಗಿದಿತ್ತು. ಅಲ್ಲೇ ಕೊನೆಯವರೆಗೂ ಕಾದಾಡಬಹುದಿತ್ತು. ಶರಣಾಗಬಹುದಿತ್ತು, ಆದರೆ ಆ ಮಾತೇ ಅಲ್ಲಿ ಇರಲಿಲ್ಲ. ಯಹರಾನ ಸಲಹೆ: ಇನ್ನಷ್ಟು ದಿನ ಎಳೆಯಬೇಕೆಂದರೆ ದಕ್ಷಿಣದ ಕ್ಯಾನ್ ತುದಿಗೆ ಹಿಂದೆ ಸರಿಯಬೇಕು. ಉಶಿಜಿಮಾ ಒಪ್ಪಿದ. ಆ ದಕ್ಷಿಣದಲ್ಲಿ ಆಗಲೇ ಒಂದು ಲಕ್ಷಕ್ಕೂ ಮಿಕ್ಕಿ ಊರಿನ ಜನ ಸೇರಿಕೊಂಡಿದ್ದರು. ಮುದುಕರು, ಹೆಂಗಸರು, ಮಕ್ಕಳು. ಅದು ಸೇನೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಮಳೆಯ ಮರೆಯಲ್ಲಿ ಸುಮಾರು 30 ಸಾವಿರ ಸೈನಿಕರು ದಕ್ಷಿಣಕ್ಕೆ ಹೋದರು, ಹಿಂದೆಯೇ ಅಮೆರಿಕನ್ನರ ಬೆಂಕಿಯೂ ಹೋಯಿತು. ಅಲ್ಲಿಂದಾಚೆ ಗುಹೆಗಳು ಯಾರವು ಎಂಬ ಪ್ರಶ್ನೆ. ಒಳಗಿದ್ದ ಊರವರನ್ನು ಸೈನಿಕರು ಹೊರಗೆ ಅಟ್ಟಿದರು, ಹೊರಗೆ ಶೆಲ್ ಬೀಳುತ್ತಿರುವಾಗ. ಅಳುವ ಮಗು ಶತ್ರುವಿಗೆ ಸುಳಿವು ಕೊಡುತ್ತದೆ ಅಂತ ತಾಯಿಯ ಕೈಯಿಂದಲೇ ಉಸಿರುಗಟ್ಟಿಸಿದ್ದನ್ನು ಬದುಕಿ ಉಳಿದವರು ಹೇಳಿದ್ದಾರೆ. ಒಕಿನಾವಾದ ಭಾಷೆ ಮಾತಾಡುವವರನ್ನು ಗೂಢಚಾರರೆಂದೇ ಪರಿಗಣಿಸುವುದಾಗಿ ಸೇನೆಯ ಆದೇಶವಿತ್ತು. ಮನೆಮಾತು ಆಡಿದ್ದಕ್ಕೆ ಶಿಕ್ಷೆ, ಅದೂ ಜಪಾನಿ ಭಾಷೆ ಸರಿಯಾಗಿ ಬಾರದ ಅಜ್ಜ ಅಜ್ಜಿಯರಿರುವ ಊರಲ್ಲಿ. ಅಮೆರಿಕನ್ನರ ಕಡೆಯಿಂದ ಬಂದದ್ದೇನು ಕಡಿಮೆಯಲ್ಲ. ಒಳಗೆ ಯಾರಿದ್ದಾರೆ ಅಂತ ನೋಡುವ ವ್ಯವಧಾನ ಯುದ್ಧಕ್ಕಿಲ್ಲ. ಕೂಗಿದರೆ ಹೊರಬಾರದ ಗುಹೆಗೆ ಬೆಂಕಿ, ಸ್ಫೋಟಕ. ಜೂನ್ ತಿಂಗಳ ಆ ಮೂರು ವಾರಗಳ ಹೊಣೆಯನ್ನು ಒಂದೇ ಕಡೆ ಹೊರಿಸಲಾಗದು. ಆದರೆ ಆ ಜಾಗವನ್ನು ರಣರಂಗ ಮಾಡಿದವರು ಯಾರು ಎಂಬುದಕ್ಕೆ ಉತ್ತರವಿದೆ.

ಹಿಮೆಯುರಿ ಹುಡುಗಿಯರ ಕಥೆಯನ್ನು ಜಪಾನಿನಲ್ಲಿ ಎಲ್ಲರೂ ಬಲ್ಲರು. ಎರಡು ಶಾಲೆಗಳ 222 ವಿದ್ಯಾರ್ಥಿನಿಯರು, 18 ಶಿಕ್ಷಕರು. ಮಾರ್ಚ್ 23ರ ರಾತ್ರಿ ಹಯೆಬರುವಿನ ಸೇನಾ ಆಸ್ಪತ್ರೆಗೆ ಹೊರಟರು. ಆಸ್ಪತ್ರೆ ಅಂದರೆ ಗುಡ್ಡ ಕೊರೆದ ಬಿಲ. ಒಳಗೆ ಹಂತಹಂತದ ಮರದ ಮಂಚ, ಮೋಂಬತ್ತಿ ಬೆಳಕಲ್ಲಿ ಕೈಕಾಲು ಕತ್ತರಿಸುವಾಗ ಹಿಡಿದುಕೊಳ್ಳುವ ಕೆಲಸ, ಕತ್ತರಿಸಿದ್ದನ್ನು ಹೊರಗೆ ಒಯ್ದು ಹೂಳುವ ಕೆಲಸ, ಗಾಯದ ಹುಳ ತೆಗೆಯುವ ಕೆಲಸ. ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರು. ಕೆಲವರು ಬರುವಾಗ ಓದಲು ಪುಸ್ತಕ ತಂದಿದ್ದರು, ಬೇಗ ಶಾಲೆಗೆ ವಾಪಸ್ ಹೋಗುತ್ತೇವೆ ಅಂತ. ದಕ್ಷಿಣಕ್ಕೆ ಹೊರಡುವ ಆದೇಶ ಬಂದಾಗ ನಡೆಯಲಾಗದ ಗಾಯಾಳುಗಳಿಗೆ ಹಾಲಿನಲ್ಲಿ ಸಯನೈಡ್ ಕಲಸಿ ಕೊಟ್ಟರು.

ಅಷ್ಟೆಲ್ಲ ಆಗುವ ತನಕ ಆ 240 ಜನರಲ್ಲಿ ಹೆಚ್ಚಿನವರು ಬದುಕಿಯೇ ಇದ್ದರು. ಜೂನ್ 18ರಂದು ಸೇನೆ ಹೇಳಿತು: ನಿಮ್ಮ ತಂಡ ವಿಸರ್ಜನೆಯಾಗಿದೆ, ಇನ್ನು ನಿಮ್ಮ ದಾರಿ ನಿಮಗೆ. ಹೋಗುವುದೆಲ್ಲಿಗೆ? ಸುತ್ತಲೂ ಶೆಲ್, ಹಿಂದೆ ಬಂಡೆ, ಅದರ ಕೆಳಗೆ ಕಡಲು, ಕಡಲ ತುಂಬ ಹಡಗು. ಮರುದಿನ ಬೆಳಿಗ್ಗೆ ಒಂದು ಗುಹೆಗೆ ಅಮೆರಿಕನ್ ಗ್ರೆನೇಡ್ ಬಿದ್ದು ಒಳಗಿದ್ದ ಸುಮಾರು 80 ಜನ ಸತ್ತರು, ಅವರಲ್ಲಿ 40ಕ್ಕೂ ಹೆಚ್ಚು ಈ ತಂಡದವರು. ಸೇರಿದ 240ರಲ್ಲಿ ಸತ್ತವರು 136, ಬಹುತೇಕರು ವಿಸರ್ಜನೆಯ ನಂತರದ ಕೆಲವೇ ದಿನಗಳಲ್ಲಿ. ಕೆಲಸ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಬಾಗಿಲಿಂದ ಆಚೆ ತಳ್ಳಿದ ಈ ರೀತಿ ಇದೆಯಲ್ಲ, ಶತ್ರುವಿನ ಗುಂಡಿಗಿಂತ ಹೆಚ್ಚು ಸಿಟ್ಟು ಬರಿಸುವುದು ನನಗೆ ಇದೇ.

ಅದೇ ಜೂನ್ 18ರಂದು ಒಕಿನಾವಾದಲ್ಲಿದ್ದ ಅಮೆರಿಕನ್ ಸೇನೆಯ ಮುಖ್ಯಸ್ಥ ಜನರಲ್ ಬಕ್ನರ್ ಮುಂಚೂಣಿಯಲ್ಲಿ ಶೆಲ್ ಬಿದ್ದು ಸತ್ತ. ಅದೇ ದಿನ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತನ್ನ ಸೇನಾಧಿಕಾರಿಗಳನ್ನು ಕೂರಿಸಿಕೊಂಡು, ಜಪಾನಿನ ಮುಖ್ಯ ದ್ವೀಪಗಳ ಮೇಲೆ ಇಳಿದರೆ ಎಷ್ಟು ಜನ ಸಾಯಬಹುದು ಅಂತ ಲೆಕ್ಕ ಹಾಕುತ್ತಿದ್ದ. ಅಲ್ಲಿ ಉದಾಹರಣೆಗೆ ತೆಗೆದುಕೊಂಡದ್ದು ಒಕಿನಾವಾದಲ್ಲಿ ಸೈನಿಕರಿಗಾದ ಸಾವುನೋವು. ಊರವರ ಸಾವು ಎರಡೂ ರಾಜಧಾನಿಗಳ ಲೆಕ್ಕದಿಂದ ಹೊರಗೇ ಉಳಿಯಿತು.

ಕೆಲವೇ ದಿನಗಳಲ್ಲಿ ಉಶಿಜಿಮಾ ದಕ್ಷಿಣ ತುದಿಯ ಮಬುನಿಯ ಗುಹೆಯಲ್ಲಿ ಹೊಟ್ಟೆ ಸೀಳಿಕೊಂಡು ಸತ್ತ. ಸಾಯುವ ಮುನ್ನ ಶರಣಾಗಿ ಅನ್ನಲಿಲ್ಲ, ಕೊನೆಯವರೆಗೂ ಕಾದಾಡಿ ಅಂದ. ಹಾಗಾಗಿ ಅವನು ಹೋದ ಮೇಲೂ ಸಾವು ನಿಲ್ಲಲಿಲ್ಲ. ಯಹರಾ? ಟೋಕಿಯೊಗೆ ವರದಿ ಮುಟ್ಟಿಸಲು ಬದುಕಬೇಕೆಂದು ಅವನಿಗೆ ಆದೇಶವಾಯಿತು. ಊರವರ ಬಟ್ಟೆ ತೊಟ್ಟು, ನಿರಾಶ್ರಿತರ ಜೊತೆ ಒಂದು ಗುಹೆಯಲ್ಲಿ ಸೇರಿಕೊಂಡು, ತಾನೊಬ್ಬ ಮೇಷ್ಟ್ರು ಅಂತ ಹೇಳಿಕೊಂಡ. ಕೊನೆಗೆ ಸಿಕ್ಕಿಬಿದ್ದ, ಬದುಕಿದ, ಮುಂದೆ ಪುಸ್ತಕವನ್ನೂ ಬರೆದ. ಜನಸಾಮಾನ್ಯನ ವೇಷ ಹಾಕಿದರೆ ಬದುಕಬಹುದು ಎಂಬ ವಿದ್ಯೆ ಆ ಜನಸಾಮಾನ್ಯರಿಗೇ ಹೇಳಿಕೊಡದೆ ಉಳಿದಿತ್ತು.

ಒಕಿನಾವಾ ಆಡಳಿತದ ಲೆಕ್ಕದಲ್ಲಿ ಎರಡೂ ಕಡೆ ಸೇರಿ ಸತ್ತವರು ಎರಡು ಲಕ್ಷ ಮೀರಿದ್ದಾರೆ. ಅದರಲ್ಲಿ ಒಕಿನಾವಾದವರೇ 1,22,000ಕ್ಕೂ ಹೆಚ್ಚು, ಸೇನೆಗೆ ಎಳೆದುಕೊಂಡವರನ್ನು ಬಿಟ್ಟರೂ 94 ಸಾವಿರ ಸಾಮಾನ್ಯ ಜನ. ಮಬುನಿಯಲ್ಲಿ 1995ರಿಂದ ಕಪ್ಪು ಕಲ್ಲಿನ ಸಾಲುಸಾಲು ಗೋಡೆಗಳಿವೆ, ಈಗ 2.4 ಲಕ್ಷಕ್ಕೂ ಹೆಚ್ಚು ಹೆಸರು. ಕಟ್ಟಿಸಿದ ರಾಜ್ಯಪಾಲ ಮಸಾಹಿದೆ ಓತಾ, ಶಾಲಾ ಹುಡುಗನಾಗಿ ಸೇನೆಗೆ ಸೇರಿಸಲ್ಪಟ್ಟು ಬದುಕಿ ಉಳಿದವರು. ಅಮೆರಿಕನ್ನರ ಹೆಸರೂ ಇವೆ, ಜಪಾನಿ ಸೈನಿಕರದೂ ಇವೆ, ಕೊರಿಯಾದವರದೂ, ತೈವಾನಿನವರದೂ. ಹೆಸರಿಡುವ ಮೊದಲೇ ಸತ್ತ ಕೂಸುಗಳನ್ನು 'ಇಂಥವರ ಹಿರಿಮಗ' ಅಂತ ಕೆತ್ತಿದ್ದಾರೆ. ಉಶಿಜಿಮಾನ ಹೆಸರೂ ಇದೆ. ಅದು ಸರಿಯೇ ಅಂತ ಅಲ್ಲಿನವರೇ ಕೇಳುತ್ತಾರೆ. ನನಗೂ ಸರಿ ಅನ್ನಿಸುವುದಿಲ್ಲ. ಆದರೆ ತೀರ್ಪು ಕೊಡಬೇಕಾದವರು ಅವರು.

2007ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ಪ್ರೌಢಶಾಲೆಯ ಇತಿಹಾಸ ಪಠ್ಯಗಳಲ್ಲಿ ಸಾಮೂಹಿಕ ಆತ್ಮಹತ್ಯೆಗಳ ಹಿಂದೆ ಸೇನೆಯ ಒತ್ತಾಯವಿತ್ತು ಎಂಬ ಸಾಲು ತೆಗೆಸಲು ಹೊರಟಿತ್ತು. ಅದನ್ನು ವಿರೋಧಿಸಿ ಸೆಪ್ಟೆಂಬರ್ 29ರಂದು ಒಕಿನಾವಾದ ಗಿನೊವಾನ್‌ನಲ್ಲಿ ಜನ ಸೇರಿದರು. ಸಂಘಟಕರ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ತೊಕಾಶಿಕಿಯಲ್ಲಿ ಗ್ರೆನೇಡ್ ನೋಡಿದವರು ಇನ್ನೂ ಬದುಕಿರುವಾಗಲೇ ಇದು. ಯುದ್ಧ ಮುಗಿದು 27 ವರ್ಷ, 1972ರ ತನಕ, ದ್ವೀಪ ಅಮೆರಿಕದ ಆಡಳಿತದಲ್ಲಿತ್ತು. ಇವತ್ತಿಗೂ ಜಪಾನಿನಲ್ಲಿ ಅಮೆರಿಕಕ್ಕೇ ಮೀಸಲಾದ ಸೇನಾ ನೆಲೆಗಳ ಸುಮಾರು 70 ಶೇಕಡಾ ಜಾಗ ಇಷ್ಟು ಚಿಕ್ಕ ಒಕಿನಾವಾದ ಮೇಲೇ ಇದೆ. ಹೆನೊಕೊದಲ್ಲಿ ಅಮೆರಿಕದ ಹೊಸ ನೆಲೆಗಾಗಿ ಕಡಲು ತುಂಬಿಸಲು ದಕ್ಷಿಣದ ಮಣ್ಣನ್ನೂ ಬಳಸುವ ಯೋಜನೆ ಬಂದಾಗ, ದಶಕಗಳಿಂದ ಆ ಮಣ್ಣಲ್ಲಿ ಮೂಳೆ ಹೆಕ್ಕುತ್ತಿರುವವರು ಉಪವಾಸ ಕೂತರು. ಸತ್ತವರು ಇನ್ನೂ ಅದರೊಳಗೇ ಇದ್ದಾರೆ ಅಂತ.

ಹಿರೋಶಿಮಾ ಸರಿಯೋ ತಪ್ಪೋ ಅಂತ ಕೆಳಗೆ ಜಗಳ ಶುರು ಮಾಡುವವರು ಮಾಡಿ, ನಾನೂ ಬರುತ್ತೇನೆ. ಒಂದೇ ಷರತ್ತು: ಒಕಿನಾವಾದ ಸಾವಿನ ಅಂಕಿ ತರುವವರು ಮೇ 22ರ ಸಭೆಯಲ್ಲಿ ಆದ ತೀರ್ಮಾನಕ್ಕೂ ಅದರಲ್ಲಿ ಪಾಲು ಎಷ್ಟು ಅಂತ ಬರೆದು ಮುಂದೆ ಹೋಗಿ.