ಪರಿಪೂಣತೆಯ ಕಡೆಗೆ

ಆ ವರ್ಷ ನನ್ನ ಬಡ್ತಿಗೆ ಅಡ್ಡ ಬಂದದ್ದು ಒಂದು ಅರ್ಕಾವತ್ತು. ವರ್ಷಕ್ಕೊಮ್ಮೆ ನಮ್ಮ ಕೈಗೆ ಬರುವ ಸ್ವಮೌಲ್ಯಮಾಪನದ ನಮೂನೆಯಲ್ಲಿ ‘ನಿಮ್ಮ ದೌರ್ಬಲ್ಯಗಳೇನು?’ ಎಂಬ ಪ್ರಶ್ನೆಯೊಂದು ಇರುತ್ತದೆ. ಸೋಮಾರಿತನ, ಮರೆವು, ಮಧ್ಯಾಹ್ನ ಮೂರು ಗಂಟೆಯ ತೂಕಡಿಕೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಮೇಲೆ ಹೋದವರನ್ನು ನಾನು ಕಂಡಿಲ್ಲ. ಆದ್ದರಿಂದ ನೋಡುವುದಕ್ಕೆ ದೌರ್ಬಲ್ಯದಂತಿದ್ದು ಒಳಗೊಳಗೇ ಹೊಗಳಿಕೆಯಾಗಿರುವ ಉತ್ತರವನ್ನು ಹುಡುಕಿ ಬರೆಯುವುದು ನೌಕರವರ್ಗದ ಹಳೆಯ ರೂಢಿ. ನಾನೂ ಅದೇ ರೂಢಿಯಂತೆ ‘ಕೈಗೆತ್ತಿಕೊಂಡ ಕೆಲಸದಲ್ಲಿ ಅತಿಯಾದ ಪರಿಪೂರ್ಣತೆಯನ್ನು ಬಯಸುವುದು’ ಎಂದು ಬರೆದೆ, ಬರೆದೆನೆಂದೇ ನಂಬಿದ್ದೆ. ವಿಭಾಗದ ಮುಖ್ಯಸ್ಥೆಯಾಗಿದ್ದ ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಪೆನ್ಸಿಲ್ಲಿನಿಂದ ಒಂದು ಪದಕ್ಕೆ ಸುತ್ತು ಹಾಕಿ, ಹಾಳೆಯನ್ನು ಮೆಲ್ಲಗೆ ನನ್ನ ಕಡೆಗೆ ತಿರುಗಿಸಿದರು. ಅಲ್ಲಿ ‘ಪರಿಪೂಣತೆ’ ಎಂದಿತ್ತು.

ಅವರು ನಗಲಿಲ್ಲ. ನಕ್ಕಿದ್ದರೆ ನಾನೂ ಜೊತೆಗೆ ನಕ್ಕು ವಿಷಯವನ್ನು ಅಲ್ಲಿಗೇ ಮುಗಿಸಬಹುದಿತ್ತು. ‘ಮುಂದಿನ ವರ್ಷ ನೋಡೋಣ’ ಎಂದರು. ಸಹಾಯಕ ವ್ಯವಸ್ಥಾಪಕರ ಹುದ್ದೆ ನನ್ನ ಪಾಲಿಗೆ ‘ಮುಂದಿನ ವರ್ಷ’ ಆಗುತ್ತಿದ್ದುದು ಅದು ನಾಲ್ಕನೆಯ ಸಲ. ನನ್ನಿಂದಲೇ ಕೆಲಸ ಕಲಿತ ಇಬ್ಬರು ಆಗಲೇ ಆ ಮೆಟ್ಟಿಲು ಹತ್ತಿ, ನನ್ನ ರಜೆಯ ಅರ್ಜಿಗಳಿಗೆ ಸಹಿ ಹಾಕುವ ಸ್ಥಾನದಲ್ಲಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದೆ. ಲೋಕವನ್ನು ತಿದ್ದುವುದು ಕಷ್ಟ, ಮೇಡಂ ಅವರನ್ನು ತಿದ್ದುವುದು ಅದಕ್ಕಿಂತಲೂ ಕಷ್ಟ, ಉಳಿದವನು ನಾನೊಬ್ಬನೇ. ಹೀಗೆ ಬೇರೆ ದಾರಿಯಿಲ್ಲದೆ ನಾನು ಸ್ವಸುಧಾರಣೆಗೆ ಇಳಿದೆ.

ಮೊದಲು ಹಿಡಿದದ್ದು ಬೇಗ ಬರುವ ಅಭ್ಯಾಸವನ್ನು. ಯಾವುದೇ ಅಭ್ಯಾಸ 21 ದಿನಗಳಲ್ಲಿ ಮೈಗೂಡುತ್ತದೆ ಎಂಬ ಮಾತನ್ನು ನಾನು ವೇದವಾಕ್ಯದಂತೆ ನಂಬಿದ್ದೆ. ಆ ಲೆಕ್ಕದ ಮೂಲ ಎಲ್ಲಿಯದೆಂದು ತಿಳಿದದ್ದು ಆಮೇಲೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕು ಎಂದು 1960ರಲ್ಲಿ ಬರೆದಿದ್ದರಂತೆ. ಮೂಗು ಕೊಯ್ಯಿಸಿಕೊಂಡವರ ಲೆಕ್ಕವನ್ನು ತಂದು ನಿದ್ದೆ ಕೆಡಿಸಿಕೊಳ್ಳುವವರಿಗೆ ಯಾರು ಅಂಟಿಸಿದರೋ ಕಾಣೆ. ಲಂಡನ್ನಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅವಧಿ ಸಾಮಾನ್ಯವಾಗಿ 66 ದಿನಗಳ ಆಸುಪಾಸಿನಲ್ಲಿದ್ದರೂ, ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೂ ಬೇಕಾಗಬಹುದು ಎಂದಿದೆ. ನಾನು ಯಾವ ತುದಿಯವನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರು ವಾರ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಕುಳಿತೆ. ಆ ಒಂದು ಗಂಟೆಯಲ್ಲಿ ನನ್ನ ಶ್ರದ್ಧೆಗೆ ಇದ್ದ ಸಾಕ್ಷಿಗಳೆಂದರೆ ಕಾವಲುಗಾರ ಮತ್ತು ನೆಲ ಒರೆಸುವಾಕೆ. ಬಡ್ತಿ ಸಮಿತಿಯಲ್ಲಿ ಅವರಿಬ್ಬರೂ ಇರಲಿಲ್ಲ. ಇಪ್ಪತ್ತೆರಡನೆಯ ದಿನ ಮೇಡಂ ಏನೋ ಕೆಲಸವಿದ್ದು ಬೇಗ ಬಂದರು. ಕೀಲಿಮಣೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದ ನನ್ನನ್ನು ಎಬ್ಬಿಸಿದಾಗ, ಪರದೆಯ ತುಂಬ ಒಂದೇ ಅಕ್ಷರ ಹದಿನೇಳು ಪುಟಗಳವರೆಗೆ ಹರಿದಿತ್ತು. ‘ರಾತ್ರಿ ಮನೆಗೆ ಹೋಗಲಿಲ್ಲವೇ?’ ಎಂದು ಅವರು ಕಳಕಳಿಯಿಂದ ಕೇಳಿದರು. ‘ಇಲ್ಲ’ ಎಂದಿದ್ದರೆ ಅಂದೇ ಬಡ್ತಿ ಸಿಗುತ್ತಿತ್ತೇನೋ. ನಿದ್ದೆಗಣ್ಣಿನಲ್ಲಿ ಬಾಯಿಗೆ ಬಂದದ್ದು ಸತ್ಯ.

ಆಮೇಲೆ ಸಮಯಪಾಲನೆಯ ಸರದಿ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬಾತ ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವನ್ನು ಎದುರಿಗಿಟ್ಟುಕೊಂಡು 25 ನಿಮಿಷ ಏಕಚಿತ್ತದಿಂದ ಕೆಲಸ, 5 ನಿಮಿಷ ವಿರಾಮ ಎಂಬ ಪದ್ಧತಿಯನ್ನು ಕಂಡುಕೊಂಡ. ನಾನು ಅದನ್ನು ಮೊಬೈಲಿಗೆ ಇಳಿಸಿಕೊಂಡು, ಗಂಟೆಯ ಸದ್ದನ್ನು ಶಾಲೆಯ ಲಾಂಗ್ ಬೆಲ್ಲಿನಂತೆ ಇಟ್ಟುಕೊಂಡೆ. ಮನಸ್ಸಿಗೆ ಹಿತವಾದ ಸದ್ದೆಂದರೆ ನನಗೆ ಅಂದಿಗೂ ಇಂದಿಗೂ ಅದೊಂದೇ. ನಿರ್ದೇಶಕರು ಮುಂದಿನ ಐದು ವರ್ಷಗಳ ಮುನ್ನೋಟವನ್ನು ವಿವರಿಸುತ್ತಿದ್ದ ಸಭೆಯಲ್ಲಿ, ಅವರಿನ್ನೂ ಎರಡನೆಯ ವರ್ಷದಲ್ಲಿದ್ದಾಗ, ನನ್ನ ಜೇಬಿನಲ್ಲಿ ಲಾಂಗ್ ಬೆಲ್ ಹೊಡೆಯಿತು. ಬಾಲ್ಯದ ಸಂಸ್ಕಾರ ಎಷ್ಟು ಆಳವಾದದ್ದೆಂದರೆ, ನಲವತ್ತು ದಾಟಿದ ಹನ್ನೊಂದು ಮಂದಿ ಕುರ್ಚಿಗಳನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತರು. ನಿರ್ದೇಶಕರೂ ಕೈಯಲ್ಲಿದ್ದ ಕಾಗದಗಳನ್ನು ಅರ್ಧ ಜೋಡಿಸಿಕೊಂಡಿದ್ದರು. ಸಭೆ ಮುಗಿದ ಮೇಲೆ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು ನನ್ನ ಕೈ ಕುಲುಕಿದರು. ಮೇಡಂ ಕುಲುಕಲಿಲ್ಲ.

ಆದರೂ ಈ ಎರಡು ಅನಾಹುತಗಳು ವೃತ್ತಿಪರ ನಡವಳಿಕೆಯಲ್ಲಿ ನಾನು ಮಾಡಿಕೊಂಡ ಎಡವಟ್ಟಿನ ಮುಂದೆ ಏನೂ ಅಲ್ಲ. ಒಳ್ಳೆಯ ನೌಕರನು ಒಳ್ಳೆಯ ಕೇಳುಗನೂ ಆಗಿರಬೇಕು ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಎದುರಿನವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, ಅರ್ಥವಾದದ್ದನ್ನು ನಮ್ಮ ಮಾತಿನಲ್ಲಿ ಅವರಿಗೇ ಹೇಳಿ ಖಚಿತಪಡಿಸಿಕೊಳ್ಳುವ ಈ ಕ್ರಮವನ್ನು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿಯೇ ವಿವರಿಸಿದ್ದಾರೆ. ಕ್ರಮದಲ್ಲಿ ದೋಷವಿಲ್ಲ. ಆದರೆ ಎರಡು ದಿನದ ತರಬೇತಿ ಮುಗಿಸಿ ಬಂದವನ ಕೈಗೆ ಅದು ಸಿಕ್ಕರೆ, ಹೊಸದಾಗಿ ಹಾರ್ಮೋನಿಯಂ ಕಲಿತವನ ಪಕ್ಕದ ಮನೆಯವರ ಪಾಡು ಎಲ್ಲರದೂ ಆಗುತ್ತದೆ. ಸೋಮವಾರ ಬೆಳಿಗ್ಗೆ ಮೇಡಂ, ‘ಆ ವರದಿ ಇನ್ನೂ ಬಂದಿಲ್ಲವಲ್ಲ’ ಎಂದರು.

‘ಅಂದರೆ, ವರದಿ ತಲುಪದಿರುವುದು ನಿಮಗೆ ಕಳವಳ ಉಂಟುಮಾಡಿದೆ.’

‘ಹೌದು. ಯಾವಾಗ ಕೊಡುತ್ತೀರಿ?’

‘ಅದು ಯಾವಾಗ ಬರುತ್ತದೆ ಎಂಬುದನ್ನು ನೀವು ತಿಳಿಯಬಯಸುತ್ತಿದ್ದೀರಿ.’

‘ಏನ್ರೀ, ನನ್ನನ್ನು ಅಣಕಿಸುತ್ತಿದ್ದೀರಾ?’

‘ನಾನು ಗ್ರಹಿಸಿದ್ದು ಸರಿಯಾಗಿದ್ದರೆ, ನಾನು ನಿಮ್ಮನ್ನು ಅಣಕಿಸುತ್ತಿದ್ದೇನೆಂದು ನಿಮಗೆ ಅನ್ನಿಸುತ್ತಿದೆ’ ಎಂದು, ಕಲಿಸಿದ್ದ ಹಾಗೆಯೇ ತಲೆಯನ್ನು ಕೊಂಚ ವಾಲಿಸಿ, ಮುಖದಲ್ಲಿ ಸಹಾನುಭೂತಿ ತಂದುಕೊಂಡು ಹೇಳಿದೆ. ಬಾಗಿಲು ಯಾವ ಕಡೆಗಿದೆ ಎಂಬುದನ್ನು ಅವರು ಮಾತಿಲ್ಲದೆ ತೋರಿಸಿದರು. ಅದನ್ನು ಮಾತ್ರ ನಾನು ಖಚಿತಪಡಿಸಿಕೊಳ್ಳಲು ಹೋಗಲಿಲ್ಲ.

ನನ್ನ ಪಾಡನ್ನು ನೋಡಲಾರದೆ ಪಕ್ಕದ ಮೇಜಿನ ಗೆಳೆಯ ಸಮಾಧಾನ ಹೇಳಿದ. ಲಾರೆನ್ಸ್ ಪೀಟರ್ ಎಂಬವರು 1969ರಲ್ಲಿ ಹೇಳಿದ ತತ್ತ್ವವೊಂದಿದೆಯಂತೆ. ಈಗಿನ ಹುದ್ದೆಯಲ್ಲಿ ಸಮರ್ಥನಾದವನಿಗೆ ಬಡ್ತಿ ಸಿಗುತ್ತದೆ, ಅಲ್ಲಿಯೂ ಸಮರ್ಥನಾದರೆ ಇನ್ನೊಂದು ಸಿಗುತ್ತದೆ. ಹೀಗೆ ಹತ್ತುತ್ತಾ ಹತ್ತುತ್ತಾ ಯಾವ ಹುದ್ದೆ ಅವನ ಕೈಗೆ ಮೀರುತ್ತದೆಯೋ ಅಲ್ಲಿ ನಿಂತುಬಿಡುತ್ತಾನೆ. ಇದು ಬರೀ ತಮಾಷೆಯ ಮಾತಲ್ಲವೆಂದು, ಅಮೆರಿಕದ 214 ಕಂಪನಿಗಳ ಮಾರಾಟ ವಿಭಾಗದವರನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರ ಲೆಕ್ಕವನ್ನೂ ಮುಂದಿಟ್ಟ. ಚೆನ್ನಾಗಿ ಮಾರುವವರಿಗೇ ಬಡ್ತಿ ಹೆಚ್ಚು ಸಿಗುತ್ತಿತ್ತು, ಆದರೆ ವ್ಯವಸ್ಥಾಪಕರಾದ ಮೇಲೆ ಅವರ ಕೈಕೆಳಗಿನವರ ಮಾರಾಟ ಇಳಿಯುತ್ತಿತ್ತು ಎಂದು ಕಂಡುಬಂದಿತ್ತಂತೆ. ‘ನೀನು ಈಗಲೇ, ಈ ಹುದ್ದೆಯಲ್ಲಿಯೇ ಆ ಮಟ್ಟ ತಲುಪಿದ್ದೀಯೆ. ಬೇರೆಯವರು ಅಲ್ಲಿಗೆ ಮುಟ್ಟಲು ಮೂರು ಬಡ್ತಿ ಬೇಕು’ ಎಂದು ಬೆನ್ನು ತಟ್ಟಿದ. ಸಮಾಧಾನ ಹೇಳುವ ಕೆಲಸದಲ್ಲಿ ಅವನಿಗೆ ಬಡ್ತಿ ಸಿಗುವುದು ಕಷ್ಟ.

ಇಷ್ಟರಲ್ಲಿ ಆ ವರದಿ ಸಿದ್ಧವಾಯಿತು. ಶುಕ್ರವಾರ ಸಂಜೆ ಆರು ಗಂಟೆಗೆ, ನಿರ್ದೇಶಕರೂ ಸೇರಿದಂತೆ ನಲವತ್ಮೂರು ಮಂದಿಗೆ ಅದನ್ನು ಕಳುಹಿಸಿ, ಜವಾಬ್ದಾರಿ ನೀಗಿದ ಹಗುರದಲ್ಲಿ ಮನೆಗೆ ಹೋದೆ. ರಾತ್ರಿ ಒಂಬತ್ತರ ಹೊತ್ತಿಗೆ ಸುಮ್ಮನೆ ನನ್ನದೇ ಅಂದಚೆಂದವನ್ನು ಸವಿಯೋಣವೆಂದು ತೆರೆದು ನೋಡಿದರೆ, ಮೊತ್ತ ತೀರ ಸಣ್ಣದಾಗಿ ಕಂಡಿತು. ಎದೆ ಧಸಕ್ಕೆಂದಿತು. ಕೊನೆಯ ಗಳಿಗೆಯಲ್ಲಿ ನಾನು ಸೇರಿಸಿದ್ದ ಕೆಳಗಿನ ಸಾಲು, ಕೂಡುವ ಸೂತ್ರದ ಪರಿಧಿಯೊಳಗೆ ಬಂದೇ ಇರಲಿಲ್ಲ. ಆ ಸಾಲು ಅಲ್ಲಿಯೇ ಇತ್ತು, ಅಚ್ಚುಕಟ್ಟಾಗಿತ್ತು, ಹಳದಿ ಬಣ್ಣವನ್ನೂ ಬಳಿದುಕೊಂಡಿತ್ತು. ಪಂಕ್ತಿಯಲ್ಲಿ ಕೂತಿದ್ದರೂ ಲೆಕ್ಕಕ್ಕಿರಲಿಲ್ಲ.

ಗಾಬರಿಯಲ್ಲಿ ಮೊದಲು ಮಾಡಿದ್ದು, ಕಳುಹಿಸಿದ ಇಮೇಲನ್ನು ಹಿಂದಕ್ಕೆ ಕರೆಸಿಕೊಳ್ಳುವ ಗುಂಡಿ ಒತ್ತಿದ್ದು. ನಮ್ಮಲ್ಲಿದ್ದ ತಂತ್ರಾಂಶದ ಗುಣವೆಂದರೆ, ಓದದೆ ಬಿಟ್ಟಿರುವ ಪ್ರತಿಯನ್ನು ಅದು ಹಿಂಪಡೆಯಲು ನೋಡುತ್ತದೆ. ಆಗಲೇ ಓದಿದವರಿಗೆ ‘ಇವರು ಈ ಸಂದೇಶವನ್ನು ಹಿಂಪಡೆಯಲು ಬಯಸುತ್ತಾರೆ’ ಎಂದು ಸೂಚನೆ ಕೊಡುತ್ತದೆ. ವರದಿಯನ್ನು ಓದಿ ಮರೆತಿದ್ದವರು ಈ ಸೂಚನೆ ಕಂಡು, ಅದರಲ್ಲಿ ಅಂಥದ್ದೇನಿತ್ತು ಎಂಬ ಕುತೂಹಲದಿಂದ ಇನ್ನೊಮ್ಮೆ ತೆರೆದರು. ನನ್ನ ಯಾವ ಬರಹವನ್ನೂ ಜನ ಎರಡೆರಡು ಸಲ ಓದಿದ್ದು ಅದಕ್ಕೆ ಮುಂಚೆ ಇಲ್ಲ.

ತಿದ್ದುಪಡಿಯ ಪತ್ರ ಬರೆಯಲು ಕುಳಿತೆ. ಮೊದಲನೆಯ ಕರಡು ಹತ್ತೊಂಬತ್ತು ಸಾಲು ಬಂತು. ‘ತಾಂತ್ರಿಕ ಕಾರಣಗಳಿಂದ, ಕಾರ್ಯಬಾಹುಳ್ಯದ ನಡುವೆ, ಕಣ್ತಪ್ಪಿನಿಂದಾಗಿ, ವರದಿಯಲ್ಲಿ ಸಣ್ಣ ದೋಷವೊಂದು ನುಸುಳಿದೆ’ ಎಂದು ಆರಂಭವಾಗಿತ್ತು. ಓದಿ ನೋಡಿದಾಗ ನನಗೇ ಸೋಜಿಗವಾಯಿತು. ನಮ್ಮ ಕಚೇರಿಯ ಕನ್ನಡದಲ್ಲಿ ತಪ್ಪನ್ನು ಯಾರೂ ಮಾಡುವುದಿಲ್ಲ. ತಪ್ಪು ತಾನಾಗಿ ನುಸುಳುತ್ತದೆ, ಇಲ್ಲವೇ ಆಗಿಹೋಗುತ್ತದೆ, ಅಥವಾ ಕಂಡುಬರುತ್ತದೆ. ಹಾವೋ ಹಲ್ಲಿಯೋ ಎಂಬಂತೆ ಕಿಟಕಿಯ ಸಂದಿಯಿಂದ ಒಳಗೆ ಬಂದು ಕಡತದಲ್ಲಿ ಮಲಗಿರುತ್ತದೆ. ಒಳ್ಳೆಯ ಕೆಲಸಗಳಿಗೆ ಮಾತ್ರ ಕರ್ತೃಪದ ಇರುತ್ತದೆ. ಎರಡನೆಯ ಕರಡಿನಲ್ಲಿ ತಾಂತ್ರಿಕ ಕಾರಣವನ್ನು ಹೊಡೆದುಹಾಕಿದೆ, ಮೂರನೆಯದರಲ್ಲಿ ಕಾರ್ಯಬಾಹುಳ್ಯವನ್ನು. ‘ನುಸುಳಿದೆ’ ಎಂಬುದನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ಆ ಪದವೊಂದಿದ್ದರೆ ಒಂದು ಕಂಬಳಿ ಹೊದ್ದಷ್ಟು ಬೆಚ್ಚಗಿರುತ್ತದೆ. ಕಡೆಗೆ, ಹತ್ತು ಗಂಟೆ ದಾಟುತ್ತಿದೆಯೆಂಬ ಒಂದೇ ಕಾರಣಕ್ಕೆ, ಮೂರು ಸಾಲು ಉಳಿಯಿತು: ‘ವರದಿಯ ನಾಲ್ಕನೆಯ ಪುಟದ ಮೊತ್ತವನ್ನು ನಾನು ತಪ್ಪಾಗಿ ಕೊಟ್ಟಿದ್ದೇನೆ. ಕೊನೆಯ ಸಾಲನ್ನು ಕೂಡಿಸಿರಲಿಲ್ಲ. ಸರಿಯಾದ ಮೊತ್ತ ಇದರೊಂದಿಗಿದೆ. ಉಳಿದ ಪುಟಗಳನ್ನು ಮತ್ತೊಮ್ಮೆ ಪರಿಶೀಲಿಸಿದ್ದೇನೆ, ಅವುಗಳಲ್ಲಿ ಬದಲಾವಣೆ ಇಲ್ಲ.’ ಕಳುಹಿಸುವ ಮುನ್ನ ಮೇಡಂ ಅವರಿಗೆ ಫೋನು ಮಾಡಿ ಹೇಳಿದೆ. ‘ಸರಿ, ಕಳಿಸಿ’ ಎಂದು ಇಟ್ಟರು. ಆ ‘ಸರಿ’ಯ ಅರ್ಥವನ್ನು ಶನಿವಾರ ಮತ್ತು ಭಾನುವಾರ ಪೂರ್ತಿ ಬಿಡಿಸಿ ಬಿಡಿಸಿ ನೋಡಿದೆ.

ಸೋಮವಾರ ಏನೂ ನಡೆಯಲಿಲ್ಲ. ಹೆದರಿಕೆ ಇಳಿಯದೆ, ವರದಿ ಕಳುಹಿಸುವ ಮೊದಲು ನೋಡಬೇಕಾದ ಏಳು ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡೆ. ಮೊದಲನೆಯದು ‘ಕೊನೆಯ ಸಾಲು ಕೂಡಿದೆಯೇ?’, ಏಳನೆಯದು ‘ಅರ್ಕಾವತ್ತು?’. ಪಕ್ಕದ ಮೇಜಿನ ಗೆಳೆಯ ಅದರ ಫೋಟೊ ತೆಗೆದುಕೊಂಡದ್ದು ಗೇಲಿ ಮಾಡುವುದಕ್ಕಾದರೂ, ಒಂದು ತಿಂಗಳಲ್ಲಿ ಅದೇ ಚೀಟಿ ವಿಭಾಗದ ಹೆಚ್ಚಿನ ಪರದೆಗಳ ಮೇಲೆ ಕಾಣಿಸತೊಡಗಿತು. ಏಳನೆಯ ಅಂಶ ಏನೆಂದು ಅರ್ಥವಾಗದವರೂ ಅದನ್ನು ಬಿಡದೆ ನಕಲು ಮಾಡಿಕೊಂಡಿದ್ದರು.

ವರ್ಷಾಂತ್ಯದ ಮೌಲ್ಯಮಾಪನಕ್ಕೆ ಹೋದಾಗ, ನಾನು ಮುಂಜಾನೆ ಬಂದ ದಿನಗಳ ಪಟ್ಟಿಯನ್ನೂ ಮೂರು ತರಬೇತಿಗಳ ಪ್ರಮಾಣಪತ್ರಗಳನ್ನೂ ಹಿಡಿದುಕೊಂಡಿದ್ದೆ. ಮೇಡಂ ಅವುಗಳತ್ತ ನೋಡಲಿಲ್ಲ. ‘ಆ ಶುಕ್ರವಾರ ಫೋನು ಮಾಡಿದಿರಲ್ಲ, ಅಷ್ಟು ಹೊತ್ತಿಗೆ ನನಗೆ ತಪ್ಪು ಗೊತ್ತಾಗಿತ್ತು. ನೀವು ಏನು ಹೇಳುತ್ತೀರೆಂದು ಕಾಯುತ್ತಿದ್ದೆ’ ಎಂದರು. ‘ಅಂದರೆ ನಿಮಗೆ ಮೊದಲೇ...’ ಎಂದು ನಾನು ಖಚಿತಪಡಿಸಿಕೊಳ್ಳಲು ಹೊರಟೆ. ‘ಅದೊಂದು ಬೇಡ’ ಎಂದರು.

ಮರುವಾರ ಬಡ್ತಿಯ ಆದೇಶ ಬಂತು. ಐದು ವರ್ಷ ಕಾದ ಕಾಗದ. ಮೊಹರು, ಸಹಿ, ಉಲ್ಲೇಖ ಸಂಖ್ಯೆಗಳನ್ನೆಲ್ಲ ದಾಟಿ ನಿಧಾನವಾಗಿ ಓದಿದೆ. ನನ್ನನ್ನು ಮುಂದಿನ ತಿಂಗಳ ಮೊದಲ ದಿನದಿಂದ ಜಾರಿಗೆ ಬರುವಂತೆ ‘ಅಸಹಾಯಕ ವ್ಯವಸ್ಥಾಪಕ’ರನ್ನಾಗಿ ನೇಮಿಸಲಾಗಿತ್ತು. ಸಿಬ್ಬಂದಿ ವಿಭಾಗಕ್ಕೆ ಫೋನು ಮಾಡಿದರೆ, ‘ಕಣ್ತಪ್ಪಿನಿಂದ ಒಂದು ಅಕ್ಷರ ನುಸುಳಿದೆ ಸಾರ್’ ಎಂದರು. ಹಾಳೆಯನ್ನು ಮೇಡಂ ಮುಂದಿಟ್ಟು, ಆ ಪದಕ್ಕೆ ನಾನೇ ಪೆನ್ಸಿಲ್ಲಿನಿಂದ ಸುತ್ತು ಹಾಕಿ ಅವರ ಕಡೆಗೆ ತಿರುಗಿಸಿ, ತಿದ್ದಿಸಲೇ ಎಂದು ಕೇಳಿದೆ.

ಅವರು ಮೊದಲ ಸಲ ನಕ್ಕರು. ‘ಮೂರು ತಿಂಗಳು ಕೆಲಸ ಮಾಡಿ ನೋಡಿ. ಆಮೇಲೂ ಅದು ತಪ್ಪೆಂದು ಅನ್ನಿಸಿದರೆ ತಿದ್ದಿಸೋಣ.’