ಗೈಡ್ ಆಮೇಲೆ ಕೊಡಿಸಿ

ದ್ವಿತೀಯ ಪಿಯುಸಿ ಇಂಗ್ಲಿಷಿನಲ್ಲಿ ಒಂದೇ ಒಂದು ಪಾಠ ಓದದೆಯೂ ಒಳ್ಳೇ ಮಾರ್ಕ್ಸ್ ತೆಗೆಯಬಹುದು. ಗೈಡ್, ಹಳೇ ಪ್ರಶ್ನೆಪತ್ರಿಕೆ, ಕೊನೇ ತಿಂಗಳಲ್ಲಿ ಒಂದು ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರದ ಕಟ್ಟು) ಇದ್ದರೆ ಆಯ್ತು. ಶಿರಸಿಯಲ್ಲಿ ಸೈನ್ಸ್ ಓದುವ ನನ್ನ ಅಣ್ಣನ ಮಗಳು ಜೂನ್ ತಿಂಗಳಲ್ಲೇ ಗೈಡ್ ತಂದಿಟ್ಟುಕೊಂಡಿದ್ದಳು. "ಪಾಠ ಎಂತಕ್ಕೆ ಓದವು ಅತ್ತೆ, ಉತ್ತರ ಎಲ್ಲ ಇದರಲ್ಲೇ ಇದ್ದಲ" ಅಂದಳು. ಅವಳ ಲೆಕ್ಕ ಸರಿಯೇ. ಸಿಇಟಿ ರ‍್ಯಾಂಕಿಗೆ ಇಂಗ್ಲಿಷ್ ಅಂಕ ಸೇರುವುದಿಲ್ಲ, ಪಾಸಾದರೆ ಸಾಕು. ಫಿಸಿಕ್ಸ್ ಟ್ಯೂಷನ್ ಮುಗಿಸಿ ಬಂದ ಹುಡುಗಿಗೆ ಕೂತು ಕತೆ ಓದು ಅನ್ನಲಿಕ್ಕೆ ನನಗೂ ಬಾಯಿ ಬರುವುದಿಲ್ಲ.

ಆದರೂ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಪುಸ್ತಕ ಚೆನ್ನಾಗಿದೆ. ಪಿಯು ಇಂಗ್ಲಿಷ್ ಅಂದರೆ ಡ್ಯಾಫೊಡಿಲ್ ಹೂವು, ಹಿಮ ಅಂದುಕೊಂಡವರು ಒಮ್ಮೆ ತೆರೆದು ನೋಡಬೇಕು. ಪ್ರಥಮ ಪಿಯುನಲ್ಲಿ ಬಷೀರ್, ತೇಜಸ್ವಿ. ದ್ವಿತೀಯದಲ್ಲಿ ಲಂಕೇಶ್, ಕುವೆಂಪು, ನೈಜೀರಿಯಾದ ಅಚಿಬೆ, ಚಿಲಿಯ ನೆರೂಡ. ಆರಿಸಿದವರು ಯಾರೋ, ನಿಜಕ್ಕೂ ಓದುವ ಜನ.

ಅದರಲ್ಲಿ ಟಾಲ್‌ಸ್ಟಾಯ್ ಅವರ 'ಟೂ ಡಿಯರ್' ನನಗೆ ಬಹಳ ಇಷ್ಟ. ಮೊನಾಕೊ ಎಂಬ ಅಂಗೈಯಗಲದ ರಾಜ್ಯ, ಏಳು ಸಾವಿರ ಜನ, ಜೂಜುಕಟ್ಟೆಯ ದುಡ್ಡಿನಲ್ಲೇ ನಡೆಯುವ ಅರಮನೆ. ಅಲ್ಲೊಂದು ಕೊಲೆಯಾಗುತ್ತದೆ. ಮರಣದಂಡನೆ ಕೊಡೋಣವೆಂದರೆ ತಲೆ ಕತ್ತರಿಸುವ ಯಂತ್ರಕ್ಕೆ ಫ್ರಾನ್ಸ್ 16,000 ಫ್ರಾಂಕ್ ಕೇಳುತ್ತದೆ, ಇಟಲಿ 12,000. ದುಬಾರಿಯಾಯಿತೆಂದು ಜೀವಾವಧಿಗೆ ಇಳಿಸುತ್ತಾರೆ. ಆಗ ಕಾವಲು, ಊಟ ಸೇರಿ ವರ್ಷಕ್ಕೆ 600 ಫ್ರಾಂಕ್ ಖರ್ಚು. ಖರ್ಚು ಉಳಿಸಲಿಕ್ಕೆ ಕಾವಲುಗಾರನನ್ನೇ ತೆಗೆಯುತ್ತಾರೆ, ಓಡಿಹೋದರೆ ಹೋಗಲಿ ಎಂದು.

ಅಂಕೋಲೆ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುವಾಗ ಇಲ್ಲಿಗೆ ನಿಲ್ಲಿಸಿ, ಕೈದಿ ಓಡ್ತಾನೋ ಇಲ್ವೋ ಎಂದು ಕೇಳಿದ್ದೆ. ಬೋಟ್ ಕೆಲಸ ಮುಗಿಸಿಯೇ ಕ್ಲಾಸಿಗೆ ಬರುವ ಹುಡುಗ, ಕೊನೇ ಬೆಂಚಿನಿಂದ, "ಓಡುದಿಲ್ಲ ಮೇಡಂ, ಊಟ ಪುಕ್ಕಟೆ ಅಲ್ರಾ" ಅಂದ. ಕ್ಲಾಸೆಲ್ಲ ನಗು. ಟಾಲ್‌ಸ್ಟಾಯ್ ಬರೆದದ್ದೂ ಅದನ್ನೇ. ಕೈದಿ ತಾನೇ ಅರಮನೆ ಅಡುಗೆಮನೆಗೆ ಹೋಗಿ ಊಟ ತರುತ್ತಾನೆ, ವಾಪಸ್ ಬಂದು ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಕಡೆಗೆ ಅವನು ಹೊರಡಬೇಕಾದರೆ ಸರ್ಕಾರವೇ ಪಿಂಚಣಿ ಕೊಡಬೇಕಾಗುತ್ತದೆ. ಪಕ್ಕದ ಗೋವೆಯ ಕ್ಯಾಸಿನೊ, ಬಜೆಟ್ಟು, ಕೋರ್ಟು ಎಂದು ಉಳಿದ ಪೀರಿಯಡ್ ಪೂರ್ತಿ ಅವರವರೇ ವಾದ ಮಾಡಿದರು. ಗೈಡಿನಲ್ಲಿ ಈ ಕತೆ ನಾಲ್ಕು ಅಂಕದ ಒಂದು ಪ್ಯಾರಾ. ಅದನ್ನು ಓದಿ ನಕ್ಕವರನ್ನು ನಾನು ಕಂಡಿಲ್ಲ.

ಶಿರಸಿ ಮಕ್ಕಳದ್ದು ಇನ್ನೂ ತಮಾಷೆ. ಪರಿಸರವಾದಿ ವಂದನಾ ಶಿವ ಅವರ ಕಾಡಿನ ಪ್ರಬಂಧ ಇದೆಯಲ್ಲ, ಅದರ ಚಿಪ್ಕೊ ಎಂಬ ಹಿಮಾಲಯದ ಮರ ಉಳಿಸುವ ಚಳವಳಿ, ಹಾಡುಹಗಲೇ ಲಾಂದ್ರ ಹಿಡಿದು ಅರಣ್ಯಾಧಿಕಾರಿಗಳಿಗೆ ಪಾಠ ಹೇಳಿದ ಹೆಂಗಸರು, ಬಚ್ನಿ ದೇವಿ, ಎಲ್ಲ ಬಾಯಿಪಾಠ. ಸ್ವಂತ ಗಂಡನೇ ಕಡಿಯುವ ಗುತ್ತಿಗೆ ಹಿಡಿದಾಗ ಎದುರು ನಿಂತವಳು ಆಕೆ. ಆದರೆ 1983ರ ಸೆಪ್ಟೆಂಬರಿನಲ್ಲಿ ತಮ್ಮದೇ ತಾಲೂಕಿನ ಸಾಲ್ಕಣಿಯವರು ಮರ ಅಪ್ಪಿಕೊಂಡು ನಿಂತದ್ದು, ಅಪ್ಪಿಕೊ ಚಳವಳಿ ಶುರುವಾದದ್ದು, ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಸಾಲ್ಕಣಿ ಎಂದು ಬರೆದರೆ ಅಂಕ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಸಾಲ್ಕಣಿ ಗೊತ್ತಿದ್ದವಳು ಬಚ್ನಿ ದೇವಿಯನ್ನು ಉರು ಹೊಡೆಯಬೇಕಾಗಿಲ್ಲ. ಅದೇ ಪ್ರಬಂಧದಲ್ಲಿ ಠಾಗೋರರ 'ತಪೋವನ' ಪ್ರಬಂಧದ ಮಾತೂ ಬರುತ್ತದೆ. ಅವರ ಅಣ್ಣ ಸತ್ಯೇಂದ್ರನಾಥ ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಹರೆಯದ ಠಾಗೋರರು ಬಂದು ಉಳಿದು, ಇಲ್ಲೇ ಒಂದು ನಾಟಕ ಬರೆದರು. ಭಾನುವಾರ ಜನ ಗೋಬಿ ತಿನ್ನಲು ಹೋಗುವ ಕಾರವಾರದ ಬೀಚಿಗೆ ಅವರದೇ ಹೆಸರು.

"ಸಾಹಿತ್ಯ ಯಾಕೆ, ಮಾತಾಡಲು ಕಲಿಸಿ ಸಾಕು" ಅನ್ನುವ ಪಾಲಕರೂ ಸಿಗುತ್ತಾರೆ. ಮಾತಾಡಲಿಕ್ಕೆ ವಿಷಯ ಬೇಡವೇ? ಮೊನಾಕೊದ ಕೈದಿಯ ಬಗ್ಗೆ ಅವತ್ತು ನನ್ನ ಕ್ಲಾಸಿನಲ್ಲಿ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಜಗಳವಾಡಿದವರು, 'ಮೈಸೆಲ್ಫ್' ಎಂದು ಶುರುಮಾಡಿ ಎರಡನೇ ವಾಕ್ಯಕ್ಕೆ ತಡವರಿಸುತ್ತಿದ್ದ ಮಕ್ಕಳೇ.

ಪಾಸಿಂಗ್ ಪ್ಯಾಕೇಜಿಗೆ ನಾನು ವಿರೋಧಿ ಅಲ್ಲ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕಾಣದ ಮಗುವಿಗೆ ಅದು ಬೇಕೇ ಬೇಕು, ಒಂದು ವಿಷಯ ಫೇಲಾದರೆ ಓದೇ ನಿಲ್ಲುವ ಮನೆಗಳಿವೆ. ನನ್ನ ತಕರಾರು ಗೈಡ್ ಕೈಗೆ ಬರುವ ತಿಂಗಳಿನದು. ಜೂನಿನಿಂದ ಡಿಸೆಂಬರ್ ತನಕ ಮಕ್ಕಳ ಕೈಯಲ್ಲಿ ಪಠ್ಯಪುಸ್ತಕ ಮಾತ್ರ ಇರಲಿ. ಲೆಕ್ಚರರ್ ಕತೆಯನ್ನು ಒಮ್ಮೆ ಗಟ್ಟಿಯಾಗಿ ಓದಲಿ, ಬೇಕಾದಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಲಿ. ಜನವರಿಯಲ್ಲಿ ಗೈಡ್, ಪ್ಯಾಕೇಜ್ ತರಲಿಕ್ಕೆ ಜೆರಾಕ್ಸ್ ಅಂಗಡಿಗೆ ಬೇಕಾದರೆ ನಾನೇ ಕರೆದುಕೊಂಡು ಹೋಗುತ್ತೇನೆ.