ಯುರೋ ಟ್ರಕ್ ಆಡುತ್ತಾ, ಕಾತ್ರಜ್ ಇಳಿಜಾರಿನ ಬಗ್ಗೆ

ಯುರೋ ಟ್ರಕ್ ಸಿಮ್ಯುಲೇಟರ್ 2 ಬಂದದ್ದು 2012ರಲ್ಲಿ. ಚೆಕ್ ದೇಶದ ಪ್ರಾಗ್‌ನಲ್ಲಿರುವ ಎಸ್‌ಸಿಎಸ್ ಸಾಫ್ಟ್‌ವೇರ್ ಮಾಡಿದ, ಲಾರಿ ಓಡಿಸುವ ಕಂಪ್ಯೂಟರ್ ಆಟ. ಇಷ್ಟು ವರ್ಷ ನಾನು ಅದರ ಕಡೆ ತಲೆ ಹಾಕಿರಲಿಲ್ಲ, ಕಾರ್ ರೇಸ್ ಆಟಗಳೇ ಸಾಕಿತ್ತು. ಈ ದೀಪಾವಳಿ ರಜೆಯಲ್ಲಿ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಹಾಕಿಕೊಂಡೆ. ಗ್ರಾಫಿಕ್ಸ್ ಸ್ವಲ್ಪ ಕಡಿಮೆ ಇಟ್ಟರೆ ಆರಾಮಾಗಿ ಓಡುತ್ತದೆ. ಈಗ ರಾತ್ರಿ ಊಟ ಆದ ಮೇಲೆ ಬೇರೆ ಯಾವ ಆಟವೂ ಬೇಡ ಅನ್ನಿಸುತ್ತಿದೆ.

ಶುರುವಿನಲ್ಲಿ ನಮ್ಮ ಹತ್ತಿರ ಏನೂ ಇರುವುದಿಲ್ಲ. ಒಂದು ಊರು ಆರಿಸಿ ಕಂಪನಿಗೆ ಹೆಸರಿಡಬೇಕು, ಅಷ್ಟೇ. ಬೇರೆಯವರ ಲಾರಿಯಲ್ಲಿ ಬೇರೆಯವರ ಲೋಡ್ ಸಾಗಿಸಿ ದುಡ್ಡು ಕೂಡಿಸಬೇಕು, ಇಲ್ಲವೇ ಬ್ಯಾಂಕಿನಲ್ಲಿ ಸಾಲ ಎತ್ತಬೇಕು. ಸ್ವಂತ ಲಾರಿ ಬಂದ ಮೇಲೆ ಡೀಸೆಲ್, ರಿಪೇರಿ ಎಲ್ಲ ನಮ್ಮ ತಲೆ ಮೇಲೆ. ಸಿಗ್ನಲ್ ಹಾರಿದರೆ ದಂಡ. ಲಾರಿಗಳೆಲ್ಲ ನಿಜವಾದ ಕಂಪನಿಗಳವು: ವೋಲ್ವೊ, ಸ್ಕೇನಿಯಾ, ಮರ್ಸಿಡಿಸ್, ಡಾಫ್. ನಮ್ಮ ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೊ ಲಾರಿಯ ಅಣ್ಣತಮ್ಮಂದಿರನ್ನು ಜರ್ಮನಿಯ ಹೆದ್ದಾರಿಯಲ್ಲಿ ಓಡಿಸುವಾಗ ಖುಷಿಯಾಗುತ್ತದೆ. ಕಡಲು ದಾಟಿ ಇಂಗ್ಲೆಂಡಿಗೆ ಹೋದರೆ ಎಡಗಡೆ ಸಂಚಾರ. ಬಲಗಡೆ ಸ್ಟೇರಿಂಗ್ ಇರುವ ಕ್ಯಾಬಿನ್ ಕೂಡ ಸಿಗುತ್ತದೆ, ನಮಗೆ ಅದೇ ಕೈಗೆ ಒಗ್ಗುವುದು.

ನಕ್ಷೆ ದೊಡ್ಡದು, ಆದರೆ 19ಕ್ಕೆ 1ರಷ್ಟು ಕುಗ್ಗಿಸಿದ್ದಾರೆ. ಬರ್ಲಿನ್‌ನಿಂದ ಹ್ಯಾಂಬರ್ಗ್‌ಗೆ ಹತ್ತು-ಹನ್ನೆರಡು ನಿಮಿಷ. ಅದೇ ಲೆಕ್ಕದಲ್ಲಿ ಪುಣೆಯಿಂದ ಬೆಳಗಾವಿ ಸುಮಾರು 18 ಕಿಲೋಮೀಟರ್ ಆದೀತು. ಊರುಗಳಂತೂ ನಾಲ್ಕು ಬೀದಿ, ಒಂದೆರಡು ಗೋದಾಮು. ಕೆಲವು ಅಡ್ಡರಸ್ತೆಗಳಿಗೆ ಕೆಂಪು ಗುರುತು ಹಾಕಿ ಮುಚ್ಚಿಬಿಟ್ಟಿದ್ದಾರೆ. ಹೊಲಕ್ಕೆ ಇಳಿಯುವ ಹಾಗಿಲ್ಲ. ಹಾಗಾದರೆ ಇದು ಓಪನ್ ವರ್ಲ್ಡ್, ಅಂದರೆ ಮನಸ್ಸು ಬಂದ ಕಡೆ ಸುತ್ತಾಡುವ ಆಟ, ಹೇಗೆ ಅಂತ ಕೇಳಬಹುದು. ಎಲ್ಲಿಗೆ, ಯಾವಾಗ, ಏನು ಹೊತ್ತುಕೊಂಡು ಹೋಗಬೇಕು ಅನ್ನುವುದು ನನ್ನ ಕೈಯಲ್ಲಿದೆ. ನನಗೆ ಅಷ್ಟು ಸಾಕು.

ನನ್ನನ್ನು ಹಿಡಿದು ಕೂರಿಸಿದ್ದು ಭಾರ. ಇಪ್ಪತ್ತು ಟನ್ ಹಿಂದೆ ಕಟ್ಟಿಕೊಂಡರೆ ಲಾರಿ ನಮ್ಮ ಮಾತು ತಕ್ಷಣ ಕೇಳುವುದಿಲ್ಲ. ಏರು ಬಂದರೆ ಉಸಿರು ಕಟ್ಟುತ್ತದೆ. ತಿರುವು ಬರುವ ಎಷ್ಟೋ ಮೊದಲೇ ವೇಗ ಇಳಿಸಬೇಕು. ರೇಸ್ ಆಟದಲ್ಲಿ ಬ್ರೇಕ್ ಅಂದರೆ ಹಾಗೆ ಒತ್ತಿ ಹೀಗೆ ಬಿಡುವುದು. ಇಲ್ಲಿ ಬ್ರೇಕ್ ಅಂದರೆ ಅರ್ಧ ಕಿಲೋಮೀಟರ್ ಮೊದಲೇ ಮಾಡುವ ಯೋಚನೆ.

ಇನ್ನು ರಿವರ್ಸ್. ಲೋಡ್ ತಲುಪಿಸಿದ ಮೇಲೆ ಟ್ರೇಲರನ್ನು ಗೋದಾಮಿನ ಬಾಗಿಲಿಗೆ ಹಿಂದಕ್ಕೆ ನಿಲ್ಲಿಸಬೇಕು. ಬೇಡವಾದರೆ ಬಿಟ್ಟುಬಿಡುವ ಆಯ್ಕೆಯೂ ಇದೆ, ಆದರೆ ಕಷ್ಟದ್ದನ್ನು ಆರಿಸಿಕೊಂಡರೆ ಅಂಕ ಜಾಸ್ತಿ. ನಮ್ಮ ಕಾಕಾ ಹುಬ್ಬಳ್ಳಿಯಿಂದ ಪುಣೆಯ ಮಾರ್ಕೆಟ್ ಯಾರ್ಡ್‌ಗೆ ಲಾರಿ ಹೊಡೆದವರು. ಈರುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಕೊನೆಕೊನೆಗೆ ಕಂಟೇನರ್ ಟ್ರೇಲರ್. ಹಬ್ಬಕ್ಕೆ ಬಂದವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. "ತಮ್ಮಾ, ಬಾಲ ಎಡಕ್ಕ ಹೋಗಬೇಕಂದ್ರ ಸ್ಟೇರಿಂಗ್ ಬಲಕ್ಕ. ಅವಸರ ಮಾಡಬ್ಯಾಡ. ಬರೇ ಕನ್ನಡ್ಯಾಗ ನೋಡು" ಅಂದರು. ಅವರು ಹೇಳಿದ ಹಾಗೆ ಇಷ್ಟಿಷ್ಟೇ ತಿರುಗಿಸಿದೆ. ಟ್ರೇಲರ್ ಗೆರೆಯೊಳಗೆ ಹೋಗಿ ನಿಂತಿತು. ಒಂದು ಕಂಪ್ಯೂಟರ್ ಆಟಕ್ಕೆ ಅವರ ಕಸುಬಿನ ಮಾತು ಹಾಗೇ ಹೊಂದುತ್ತದೆ ಅಂದರೆ, ಮಾಡಿದವರು ಎಷ್ಟು ಗಮನ ಕೊಟ್ಟಿರಬೇಕು ಅಲ್ವಾ?

ಆಲ್ಪ್ಸ್ ಕಡೆಯ ಇಳಿಜಾರುಗಳಲ್ಲಿ ಎಂಜಿನ್ ಬ್ರೇಕ್, ಅಂದರೆ ಎಂಜಿನ್ನೇ ಲಾರಿಯನ್ನು ಹಿಡಿದು ನಿಧಾನ ಮಾಡುವ ವ್ಯವಸ್ಥೆ, ಇಲ್ಲದೆ ಇಳಿಯಲು ಹೋಗಲೇಬಾರದು. ಏರ್ ಬ್ರೇಕ್ ನಿಜದ ಹಾಗೆ ವರ್ತಿಸುವ ಆಯ್ಕೆ ಇಟ್ಟುಕೊಂಡರೆ, ಪದೇ ಪದೇ ಒತ್ತಿದಾಗ ಗಾಳಿಯ ಒತ್ತಡ ಇಳಿಯುವುದೂ ಕಾಣುತ್ತದೆ. ಇದನ್ನು ಆಡುವಾಗ ನನಗೆ ನೆನಪಾಗುವುದು ನಮ್ಮದೇ ರಸ್ತೆ. ನಾನಿರುವುದು ಪುಣೆಯ ಆಂಬೇಗಾಂವ್‌ನಲ್ಲಿ. ಸಾತಾರಾ ಕಡೆಯಿಂದ ಬರುವ ಲಾರಿಗಳು ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆಯವರೆಗೆ ಉದ್ದಕ್ಕೂ ಇಳಿಯುತ್ತಲೇ ಬರುತ್ತವೆ. ಅಲ್ಲಿ ಮೇಲಿಂದ ಮೇಲೆ ಅಪಘಾತ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಸುವವರಿದ್ದಾರೆ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿತ ಹೋಗುತ್ತದೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ನೆ ಉರಿಯುತ್ತಿರಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ. ಆ ಇಳಿಜಾರಿನಲ್ಲಿ ವೇಗಮಿತಿ ಇಳಿಸಿದ್ದಾರೆ, ಕ್ಯಾಮರಾ ಹಾಕಿದ್ದಾರೆ, ಒಳ್ಳೆಯದೇ. ಆದರೆ ಆ ಲಾರಿ ಎಲ್ಲಿಂದ ಹೊರಟಿತು, ಡ್ರೈವರ್ ಎಷ್ಟು ಹೊತ್ತಿನಿಂದ ಸ್ಟೇರಿಂಗ್ ಹಿಂದಿದ್ದಾನೆ ಅಂತ ಯಾರೂ ಕೇಳುವುದಿಲ್ಲ.

ಆಟ ಕೇಳುತ್ತದೆ. ದಣಿವಿನ ಆಯ್ಕೆ ಆನ್ ಇದ್ದರೆ, ಹೊತ್ತು ಮೀರಿ ಓಡಿಸಿದಾಗ ಡ್ರೈವರ್ ಆಕಳಿಸುತ್ತಾನೆ, ಪರದೆ ಕಪ್ಪಾಗಿ ಕಣ್ಣು ಮುಚ್ಚಿದ ಹಾಗಾಗುತ್ತದೆ, ದಂಡ ಬೀಳುತ್ತದೆ. ಲಾರಿ ತಂಗುವ ಜಾಗ ಹುಡುಕಿ ನಿಲ್ಲಿಸಿ ಮಲಗಲೇಬೇಕು. ಇದು ಆಟದವರು ಹುಟ್ಟಿಸಿದ ನಿಯಮ ಅಲ್ಲ. ಯುರೋಪಿನ ಕಾನೂನಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಲಾರಿಯೊಳಗಿನ ಟ್ಯಾಕೋಗ್ರಾಫ್ ಅದನ್ನೆಲ್ಲ ಬರೆದಿಡುತ್ತದೆ.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದರು. ದೂರದ ದಾರಿಗಳಿಗೆ ಸ್ವಲ್ಪ ಸಡಿಲಿಕೆ ಕೊಟ್ಟರು. ಐದು ಗಂಟೆ ಕೆಲಸ ಆದರೆ ಅರ್ಧ ಗಂಟೆ ಬಿಡುವು ಅಂತಲೂ ಇತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆ ಹೋಗಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಕಾಕಾನಿಗೆ ಇದನ್ನು ಓದಿ ಹೇಳಿದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಪರದೆಯಲ್ಲಿ ಸಾಲಾಗಿ ಬಿಳಿ ಗೆರೆ ಎಳೆದಿದ್ದ ಪಾರ್ಕಿಂಗ್ ತೋರಿಸಿ, "ಇವರಿಗೆ ಮಲಗಾಕ ಜಾಗಾ ಐತಿ ನೋಡು" ಅಂದರು. ಅವರ ಕಾಲದಲ್ಲಿ ಢಾಬಾದ ಮುಂದೆ, ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಇಲ್ಲವೇ ರಸ್ತೆ ಬದಿಯಲ್ಲೇ. ತಾಡಪತ್ರಿ ಹರಿದು ಲೋಡ್ ಕದಿಯುವವರ ಭಯದಿಂದ ಒಂದು ಕಣ್ಣು ತೆರೆದೇ ಮಲಗಬೇಕು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ. ತುಂಬ ತಡವಾಗಿಯಾದರೂ ಬಂತಲ್ಲ, ನನಗೆ ನಿಜವಾಗಿ ಸಂತೋಷ. ಆದರೆ ಎಸಿ ಇರುವ ಕ್ಯಾಬಿನ್ನನ್ನೂ ಎಲ್ಲಾದರೂ ನಿಲ್ಲಿಸಬೇಕು ತಾನೇ? ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಇಳಿದ ಮೇಲೆ, ಪುಣೆಗೆ ಬರುವ ಮೊದಲು, ಕಾವಲು, ಬಚ್ಚಲು, ಬಿಸಿಯೂಟ ಇರುವ ದೊಡ್ಡ ಲಾರಿ ತಂಗುದಾಣ ಬೇಕು. ಸುರಂಗದ ಈಚೆ ಕ್ಯಾಮರಾ ಹಾಕುವಷ್ಟೇ ಮುಖ್ಯ ಅದು.

ಆಟದ ಬಗ್ಗೆ ಇನ್ನೆರಡು ಮಾತು. ಸ್ಕ್ಯಾಂಡಿನೇವಿಯಾ, ಐಬೀರಿಯಾ, ಗ್ರೀಸ್ ಅಂತ ಹೆಚ್ಚುವರಿ ನಕ್ಷೆಗಳಿಗೆ ಬೇರೆ ದುಡ್ಡು, ಎಲ್ಲ ಸೇರಿದರೆ ಕೈ ಕಚ್ಚುತ್ತದೆ. ಮೂಲ ನಕ್ಷೆಯೇ ತಿಂಗಳುಗಟ್ಟಲೆ ಸಾಲುತ್ತದೆ. ಜರ್ಮನಿಯ ಹಳೇ ರಸ್ತೆಗಳನ್ನು ಹೊಸದಾಗಿ ಕಟ್ಟಿಕೊಟ್ಟಾಗ ಅವರು ದುಡ್ಡು ಕೇಳಲಿಲ್ಲ, ಅದು ದೊಡ್ಡ ಗುಣ. ನಿಮ್ಮಲ್ಲಿರುವ ಹಾಡುಗಳನ್ನು ಆಟದ ಮ್ಯೂಸಿಕ್ ಫೋಲ್ಡರ್‌ಗೆ ಹಾಕಿದರೆ ಲಾರಿಯ ರೇಡಿಯೊದಲ್ಲಿ ಕೇಳಬಹುದು. ಮಳೆ ಬೀಳುವ ಆಸ್ಟ್ರಿಯಾದಲ್ಲಿ ಕನ್ನಡ ಹಾಡು ಹಾಕಿಕೊಂಡು ಹೋಗುವ ಸುಖ ಬೇರೆಯೇ. ದಣಿವಿನ ಆಯ್ಕೆಯನ್ನು ಮಾತ್ರ ಆಫ್ ಮಾಡಬೇಡಿ.

ಕೀಬೋರ್ಡಿನಲ್ಲಿ ಸ್ಟೇರಿಂಗ್ ಸರಿಯಾಗಿ ಸಿಗುವುದಿಲ್ಲ. ಪುಣೆಯಲ್ಲಿ ಯಾರ ಬಳಿಯಾದರೂ ಪೆಡಲ್ ಸಮೇತ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಸ್ಟೇರಿಂಗ್ ಇದ್ದರೆ ತಿಳಿಸಿ, ಬಂದು ತೆಗೆದುಕೊಳ್ಳುತ್ತೇನೆ. ಸಂಕ್ರಾಂತಿಗೆ ಕಾಕಾ ಮತ್ತೆ ಬರುತ್ತಾರೆ. ಈ ಸಲ ಅವರೇ ಓಡಿಸಲಿ.